ಸರಕು ಇಳಿಸುವಾಗ ಬಿದ್ದ ಪಾರ್ಕಿಂಗ್ ದಂಡ: ಆಕ್ಷೇಪಿಸುವ ಕ್ರಮ

ಹುಬ್ಬಳ್ಳಿಯ ದುರ್ಗದಬೈಲ್, ಜವಳಿ ಸಾಲು, ದಾಜಿಬಾನ ಪೇಟೆ, ಧಾರವಾಡದ ಸುಭಾಸ ರಸ್ತೆ ಇವೆಲ್ಲ ಇಂದಿನಷ್ಟು ಗಾಡಿಗಳಿಗಾಗಿ ಕಟ್ಟಿದ ಪೇಟೆಗಳಲ್ಲ. ಇಲ್ಲಿನ ಬಹುಪಾಲು ಅಂಗಡಿಗಳಿಗೆ ಹಿಂದಿನಿಂದ ಗಾಡಿ ಬರುವ ದಾರಿ ಇಲ್ಲದ್ದರಿಂದ ಮಾಲು ಏನೇ ಬಂದರೂ ಎದುರಿನ ರಸ್ತೆಯಲ್ಲಿಯೇ ಇಳಿಯಬೇಕು. ಇಂಥ ಬೀದಿಗಳಲ್ಲಿ ಸರಕು ಏರಿಳಿಸುವುದಕ್ಕೆಂದು ಗೆರೆ ಎಳೆದು ಫಲಕ ಹಾಕಿದ ಜಾಗದಲ್ಲಿಯೇ ಗಾಡಿ ನಿಂತಿದ್ದರೂ ಕೆಲವೊಮ್ಮೆ ಪಾರ್ಕಿಂಗ್ ದಂಡ ಬೀಳುತ್ತದೆ. ಐದು ನೂರು ರೂಪಾಯಿಗೆ ಯಾರು ಅಲೆಯಬೇಕು ಎಂದು ಮಾಲೀಕರು ಕಟ್ಟಿಬಿಡುತ್ತಾರೆ, ಇಲ್ಲವೇ ಚಾಲಕನ ಪಗಾರದಲ್ಲಿ ಮುರಿದುಕೊಳ್ಳುತ್ತಾರೆ. ಎರಡನೆಯದು ನನಗೆ ಸರಿ ಕಾಣುವುದಿಲ್ಲ. ಹೇಳಿದ ಜಾಗದಲ್ಲಿ ಹೇಳಿದ ಕೆಲಸ ಮಾಡಿದವನು ತನ್ನ ದಿನದ ಕೂಲಿ ಕಳೆದುಕೊಳ್ಳಬಾರದು ಎಂಬ ಕಾರಣಕ್ಕೇ ಈ ಕ್ರಮವನ್ನು ವಿವರವಾಗಿ ಬರೆಯುತ್ತಿದ್ದೇನೆ.

ನಮ್ಮದು ಕಿರಾಣಿ ಸಗಟು ಅಂಗಡಿ. ಒಂದು ಶ್ರಾವಣದ ಬೆಳಿಗ್ಗೆ ಅಮರಗೋಳದ ಎಪಿಎಂಸಿಯಿಂದ ತೊಗರಿಬೇಳೆಯ 24 ಚೀಲ ಹೊತ್ತು ಬಂದ ಟಾಟಾ ಏಸ್ ಅಂಗಡಿಯ ಸಮೀಪದ ಲೋಡಿಂಗ್ ಜಾಗದಲ್ಲಿ ನಿಂತಿತ್ತು. ಇಬ್ಬರು ಹಮಾಲರು ಅರ್ಧದಷ್ಟು ಚೀಲ ಒಳಗೆ ಹಾಕಿದ್ದರು. ಅಷ್ಟರಲ್ಲಿ ಚಾಲಕ ಬಂದು, "ಅಣ್ಣಾರ, ಗಾಡಿ ಫೋಟೊ ಹೊಡಕೊಂಡು ಹೋದ್ರು" ಎಂದ. ಸಂಜೆ ಮೊಬೈಲಿಗೆ ಚಲನ್ ಬಂತು. ಅದರೊಳಗಿನ ಫೋಟೊ ನೋಡಿದಾಗ ಇಡೀ ತಕರಾರಿನ ಮೂಲ ನನಗೆ ತಿಳಿಯಿತು. ನಂಬರ್ ಪ್ಲೇಟ್ ಕಾಣಬೇಕೆಂದು ಫೋಟೊವನ್ನು ಮುಂದಿನಿಂದ ತೆಗೆದಿದ್ದರು. ಚಾಲಕನಿಲ್ಲದ ಕ್ಯಾಬಿನ್, ಮುಚ್ಚಿದ ಬಾಗಿಲು, ಪಕ್ಕದಲ್ಲಿ ರಸ್ತೆ ಇಷ್ಟೇ ಅದರಲ್ಲಿ ಕಾಣುತ್ತಿತ್ತು. ಸರಕು ಇಳಿಯುವುದು ಗಾಡಿಯ ಹಿಂದೆ. ತೆರೆದ ಹಿಂಬಾಗಿಲು, ಬೆನ್ನ ಮೇಲೆ ಚೀಲ ಹೊತ್ತ ಹಮಾಲ, ನೆಲದ ಮೇಲಿನ ಬಿಳಿ ಗೆರೆ ಯಾವುದೂ ಆ ಫೋಟೊದಲ್ಲಿ ಇರಲಿಲ್ಲ. ಅದನ್ನು ನೋಡಿದ ಯಾರೇ ಆದರೂ ಗಾಡಿ ಬಿಟ್ಟು ಹೋಗಿದ್ದಾರೆ ಎಂದೇ ತಿಳಿಯುತ್ತಾರೆ. ಆದ್ದರಿಂದ ಆಕ್ಷೇಪಣೆಯ ಕೆಲಸವೆಂದರೆ, ಗಾಡಿಯ ಹಿಂದೆ ಆ ಹೊತ್ತಿನಲ್ಲಿ ಏನು ನಡೆದಿತ್ತು ಎಂಬುದನ್ನು ದಾಖಲೆಯ ಮೂಲಕ ತೋರಿಸಿಕೊಡುವುದು.

ಎಲ್ಲಕ್ಕಿಂತ ಮೊದಲು, ಪ್ರಶ್ನಿಸಬೇಕೋ ಬೇಡವೋ ಎಂದು ನಿರ್ಧರಿಸುವ ತನಕ ದಂಡ ಕಟ್ಟಬೇಡಿ. ಮೋಟಾರು ವಾಹನ ಕಾಯ್ದೆ 1988ರ ಕಲಂ 200ರ ಪ್ರಕಾರ ಸ್ಥಳದಲ್ಲಿಯಾಗಲಿ ಆನ್‌ಲೈನಿನಲ್ಲಾಗಲಿ ಹಣ ಕಟ್ಟುವುದೆಂದರೆ ಪ್ರಕರಣವನ್ನು ರಾಜಿಯಲ್ಲಿ ಮುಗಿಸಿಕೊಂಡಂತೆ. ಅಲ್ಲಿಗೆ ಮುಂದಿನ ನಡಾವಳಿ ನಿಲ್ಲುತ್ತದೆ, ನಿಮ್ಮ ತಕರಾರೂ ನಿಲ್ಲುತ್ತದೆ. ಮೊದಲು ಕಟ್ಟಿ ಆಮೇಲೆ ವಾಪಸು ಕೇಳೋಣ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಸರ್ಕಾರ ಶೇ. 50 ರಿಯಾಯಿತಿ ಕೊಟ್ಟಾಗ ಪ್ರಶ್ನಿಸಬಹುದಾದ ಚಲನ್‌ಗಳನ್ನೂ ಅನೇಕರು ಅರ್ಧ ಹಣಕ್ಕೆ ಮುಗಿಸಿಕೊಂಡರು; ಅವಸರದಲ್ಲಿದ್ದವರಿಗೆ ಅದು ಅನುಕೂಲವೇ, ಆದರೆ ಅದೂ ತಪ್ಪೊಪ್ಪಿಗೆಯ ದಾರಿಯೇ ಆಗಿತ್ತು. ಹಾಗೆಂದು ಕಟ್ಟದೆ ಸುಮ್ಮನೆ ಕೂಡುವುದೂ ಒಳ್ಳೆಯದಲ್ಲ. ಚಲನ್ ಮೇಲೆ ಗಡುವು ನಮೂದಾಗಿದ್ದರೆ ಅದರೊಳಗೇ ಬರಹದಲ್ಲಿ ಆಕ್ಷೇಪಣೆ ತಲುಪಿಸಬೇಕು. ಬಾಕಿ ಚಲನ್ ಉಳಿದರೆ ಎಫ್‌ಸಿ (ಗಾಡಿಯ ಅರ್ಹತಾ ಪ್ರಮಾಣಪತ್ರ) ಮಾಡಿಸುವಾಗ, ಗಾಡಿ ಮಾರುವಾಗ ಅದು ಅಡ್ಡ ಬರುತ್ತದೆ.

ಇನ್ನೊಂದು ಎಚ್ಚರಿಕೆಯೂ ಅಗತ್ಯ. ಚಲನ್ ಬಂದಿದೆ ಎಂದು ವಾಟ್ಸಾಪಿನಲ್ಲಿ ಬರುವ ಸಂದೇಶದೊಂದಿಗೆ ಎಪಿಕೆ ಫೈಲ್ (ಮೊಬೈಲಿನಲ್ಲಿ ಆ್ಯಪ್ ಕೂಡಿಸುವ ಕಡತ) ಇದ್ದರೆ ಅದನ್ನು ತೆರೆಯಬೇಡಿ, ಅದು ವಂಚಕರದು. ಸಾರಿಗೆ ಇಲಾಖೆಯ ಇ-ಚಲನ್ ಪರಿವಾಹನ್ ತಾಣದಲ್ಲಿ ವಾಹನ ಸಂಖ್ಯೆ ಹಾಕಿ ನೀವೇ ಪರಿಶೀಲಿಸಿ, ಅಥವಾ ಸಂಚಾರ ಠಾಣೆಯಲ್ಲಿ ವಿಚಾರಿಸಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಸ್ಥಳದಲ್ಲಿ ಮೊದಲ ಅರ್ಧ ಗಂಟೆ

ಪ್ರಕರಣ ನಿಲ್ಲುವುದೂ ಬೀಳುವುದೂ ಈ ಅರ್ಧ ಗಂಟೆಯಲ್ಲಿ. ಚಾಲಕನಾಗಲಿ ಅಂಗಡಿಯವರಾಗಲಿ ಸಿಬ್ಬಂದಿಯೊಂದಿಗೆ ವಾದಕ್ಕೆ ನಿಲ್ಲುವುದರಿಂದ ಏನೂ ಸಿಗುವುದಿಲ್ಲ. "ಸರ್, ಗಾಡಿ ಹಿಂದ ಬಂದು ಒಮ್ಮೆ ನೋಡ್ರಿ, ಮಾಲು ಇಳ್ಯಾಕತ್ತೈತಿ" ಎಂದು ಒಂದು ಸಲ ವಿನಯದಿಂದ ಹೇಳಿ, ಯಾವ ಕಲಂ ಅಡಿಯಲ್ಲಿ ದಂಡ ಹಾಕುತ್ತಿದ್ದಾರೆ ಎಂದು ಕೇಳಿ ತಿಳಿದುಕೊಂಡರೆ ಸಾಕು. ಆಮೇಲೆ ಗಾಡಿ ಕದಲಿಸುವ ಮೊದಲು ಫೋಟೊಗಳನ್ನು ತೆಗೆಯಬೇಕು.

ಮೊದಲನೆಯದು ದೂರದಿಂದ: ಫಲಕ, ಗೆರೆ, ಗಾಡಿ, ಅಂಗಡಿಯ ಬೋರ್ಡು ನಾಲ್ಕೂ ಒಂದೇ ಚಿತ್ರದಲ್ಲಿ ಬರಬೇಕು. ಎರಡನೆಯದು ಗಾಡಿಯ ಹಿಂದಿನಿಂದ: ಹಿಂಬಾಗಿಲು, ಒಳಗೆ ಉಳಿದ ಮಾಲು, ಹಿಂದಿನ ನಂಬರ್ ಪ್ಲೇಟ್. ಮೂರನೆಯದು ಫಲಕದ್ದೇ, ಅಕ್ಷರ ಓದುವಷ್ಟು ಹತ್ತಿರದಿಂದ, ಏಕೆಂದರೆ ಫಲಕದ ಕೆಳಗಿನ ಚಿಕ್ಕ ಹಲಗೆಯಲ್ಲಿ ಸಮಯದ ಮಿತಿ ಬರೆದಿದ್ದರೆ ಇಡೀ ವಿಷಯ ಅದರ ಮೇಲೆಯೇ ನಿಲ್ಲುತ್ತದೆ. ನಾಲ್ಕನೆಯದು ಗಾಲಿ ಗೆರೆಯೊಳಗೆ ಇರುವುದನ್ನು ತೋರಿಸುವಂಥದ್ದು. ನಮ್ಮ ಪ್ರಕರಣದಲ್ಲಿ ಗೆರೆಯ ಮೇಲೆ ಮಳೆಯ ಕೆಸರೂ ಉಳ್ಳಾಗಡ್ಡಿ ಸಿಪ್ಪೆಯೂ ಕೂತು ಬಿಳಿ ಬಣ್ಣವೇ ಕಾಣುತ್ತಿರಲಿಲ್ಲ. ಇದ್ದ ಹಾಗೆಯೇ ಒಂದು ಫೋಟೊ ತೆಗೆದು, ಪೊರಕೆಯಿಂದ ಗುಡಿಸಿ, ಗೆರೆ ಕಂಡ ಮೇಲೆ ಅದೇ ಕೋನದಿಂದ ಇನ್ನೊಂದು ತೆಗೆದೆವು. ಎರಡನ್ನೂ ಸಲ್ಲಿಸುವುದು ಮುಖ್ಯ. ಗುಡಿಸಿದ ಮೇಲಿನದನ್ನು ಮಾತ್ರ ಕೊಟ್ಟರೆ ಆಮೇಲೆ ಬಣ್ಣ ಬಳಿದಿರೇನು ಎಂಬ ಸಂಶಯಕ್ಕೆ ಎಡೆಯಾಗುತ್ತದೆ. ಇದಲ್ಲದೆ ಮಾಲು ಇಳಿಯುತ್ತಿರುವ ಒಂದು ನಿಮಿಷದ ವಿಡಿಯೊ ಇದ್ದರೆ ಬಹಳ ಬಲ.

ಮೊಬೈಲಿನಲ್ಲಿ ಸ್ಥಳ ಮತ್ತು ಸಮಯ ದಾಖಲಾಗುವ ವ್ಯವಸ್ಥೆ ಚಾಲೂ ಇರಲಿ. ವಾಟ್ಸಾಪಿನಲ್ಲಿ ಫೋಟೊವಾಗಿ ಕಳಿಸಿದಾಗ ಚಿತ್ರ ಕುಗ್ಗುವುದಲ್ಲದೆ ಅದರೊಳಗಿನ ಸಮಯ, ಸ್ಥಳದ ಮಾಹಿತಿಯೂ ಅಳಿಯುತ್ತದೆ. ಆದ್ದರಿಂದ ಮೂಲ ಫೋಟೊಗಳು ತೆಗೆದ ಫೋನಿನಲ್ಲಿಯೇ ಉಳಿಯಬೇಕು. ಮುಂದೆ ವಿಷಯ ನ್ಯಾಯಾಲಯಕ್ಕೆ ಹೋದರೆ, ಭಾರತೀಯ ಸಾಕ್ಷ್ಯ ಅಧಿನಿಯಮ 2023ರ ಕಲಂ 63ರಂತೆ ಎಲೆಕ್ಟ್ರಾನಿಕ್ ದಾಖಲೆಗೆ ಪ್ರಮಾಣಪತ್ರ ಕೊಡಬೇಕಾಗುತ್ತದೆ. ಆಗ ಮೂಲ ಫೋನು ಕೈಯಲ್ಲಿರಬೇಕು. ಅಂಗಡಿಯ ಅಥವಾ ನೆರೆಯವರ ಸಿಸಿಟಿವಿ ಇದ್ದರೆ ಅಂದೇ ನಕಲು ಮಾಡಿಸಿಕೊಳ್ಳಿ, ಏಕೆಂದರೆ ಕೆಲವೇ ದಿನಗಳಲ್ಲಿ ಹಳೆಯದರ ಮೇಲೆ ಹೊಸದು ಕೂಡುತ್ತದೆ.

ಅದೇ ದಿನದ ಕಾಗದಗಳು ಫೋಟೊಗಳಷ್ಟೇ ಬೆಲೆಯುಳ್ಳವು. ಮಾಲಿನ ಬಿಲ್ಲು, ಲಾರಿ ಸರಕಾದರೆ ಬಿಲ್ಟಿ (ಸಾಗಣೆಯವರು ಕೊಡುವ ರಸೀದಿ), ಡೆಲಿವರಿ ಚಲನ್, ಇ-ವೇ ಬಿಲ್ ಇದ್ದರೆ ವಾಹನ ಸಂಖ್ಯೆ ಇರುವ ಅದರ ಎರಡನೆಯ ಭಾಗ, ಎಪಿಎಂಸಿಯಿಂದ ಬಂದಿದ್ದರೆ ವೇಬ್ರಿಡ್ಜಿನ ತೂಕದ ಚೀಟಿ. ತೂಕದ ಚೀಟಿಯ ಮೇಲೆ ವಾಹನ ಸಂಖ್ಯೆಯೂ ಗಂಟೆ ನಿಮಿಷವೂ ಅಚ್ಚಾಗಿರುವುದರಿಂದ, ಗಾಡಿ ಅಲ್ಲಿಂದ ಹೊರಟು ಅಂಗಡಿಗೆ ತಲುಪಿದ ಹೊತ್ತು ತಾನಾಗಿ ತಿಳಿಯುತ್ತದೆ. ಹಮಾಲಿ ಕೊಟ್ಟ ಬಗ್ಗೆ ನಮ್ಮಲ್ಲಿ ಸಾಮಾನ್ಯವಾಗಿ ಚೀಟಿ ಇರುವುದಿಲ್ಲ. ಒಂದು ಪುಸ್ತಕ ಇಟ್ಟು ಗಾಡಿ ಬಂದ ಸಮಯ, ಖಾಲಿಯಾದ ಸಮಯ, ಚೀಲದ ಲೆಕ್ಕ ಬರೆದು ಚಾಲಕನ ಸಹಿ ಪಡೆಯುವುದನ್ನು ನಾವು ಆ ಘಟನೆಯ ನಂತರ ರೂಢಿ ಮಾಡಿಕೊಂಡೆವು.

ಚಲನ್ ಓದುವ ಬಗೆ

ಚಲನ್‌ನಲ್ಲಿ ದಂಡದ ಮೊತ್ತಕ್ಕಿಂತ ಮೊದಲು ಕಲಂ ನೋಡಬೇಕು. ಮೋಟಾರು ವಾಹನ ಕಾಯ್ದೆಯ ಕಲಂ 122 ಎಂದಿದ್ದರೆ, ಸಾರ್ವಜನಿಕ ಸ್ಥಳದಲ್ಲಿ ಇತರರಿಗೆ ಅಪಾಯ, ಅಡ್ಡಿ ಅಥವಾ ಅನುಚಿತ ತೊಂದರೆ ಆಗುವಂತೆ, ಇಲ್ಲವೇ ಆಗುವ ಸಂಭವವಿರುವಂತೆ ವಾಹನ ನಿಲ್ಲಿಸಿದ ಆರೋಪ. ಸರಕು ಏರಿಳಿಸಲೆಂದೇ ಗುರುತಿಸಿದ ಗೆರೆಯೊಳಗೆ ನಿಂತ ಗಾಡಿ ಉಳಿದ ರಸ್ತೆಗೆ ಹೇಗೆ ಅಡ್ಡಿಯಾಯಿತು ಎಂಬುದು ಇಲ್ಲಿ ನಿಮ್ಮ ಮುಖ್ಯ ಪ್ರಶ್ನೆಯಾಗುತ್ತದೆ. ಕಲಂ 201 ಇದ್ದರೆ ಸಂಚಾರದ ಹರಿವಿಗೆ ತಡೆ ಒಡ್ಡಿದ ಆರೋಪ, ದಂಡ 500 ರೂಪಾಯಿಯ ತನಕ. ಅಲ್ಲಿಯೂ ವಾದ ಇದೇ. ಕಲಂ 177 ಎನ್ನುವುದು ಬೇರೆ ಶಿಕ್ಷೆ ಹೇಳದ ಉಲ್ಲಂಘನೆಗಳಿಗೆ ಇರುವ ಸಾಮಾನ್ಯ ದಂಡದ ಕಲಂ. 2019ರ ತಿದ್ದುಪಡಿಯ ನಂತರ ಅದು ಮೊದಲ ಬಾರಿಗೆ 500, ಮುಂದಿನ ಬಾರಿಗೆ 1500 ರೂಪಾಯಿಯ ತನಕ ಇದೆ. ದಿನಾ ಅದೇ ಜಾಗದಲ್ಲಿ ಮಾಲು ಇಳಿಸುವವರು ಮೊದಲ ತಪ್ಪು ಚಲನ್ನನ್ನು ಹಗುರವಾಗಿ ಒಪ್ಪಿಕೊಳ್ಳಬಾರದು ಎನ್ನುವುದಕ್ಕೆ ಈ ಮೂರು ಪಟ್ಟಿನ ಏರಿಕೆಯೇ ಕಾರಣ.

ಫಲಕ ಉಲ್ಲಂಘನೆ ಎಂದು ಬರೆದಿದ್ದರೆ ಆ ಫಲಕ ಯಾವುದು ಎಂದು ಹೋಗಿ ನೋಡಬೇಕು. ಕೆಂಪು ಅಂಚಿನ ನೀಲಿ ವೃತ್ತದ ಮೇಲೆ ಒಂದೇ ಕೆಂಪು ಪಟ್ಟಿ ಓರೆಯಾಗಿ ಹಾಯ್ದಿದ್ದರೆ ಅದು ಪಾರ್ಕಿಂಗ್ ನಿಷೇಧ. ಎರಡು ಪಟ್ಟಿ ಕತ್ತರಿಯಂತೆ ಹಾಯ್ದಿದ್ದರೆ ಅಲ್ಲಿ ಗಾಡಿಯನ್ನು ಸ್ವಲ್ಪ ಹೊತ್ತು ನಿಲ್ಲಿಸುವುದೂ ನಿಷಿದ್ಧ. ಅಲ್ಲಿ ಸರಕು ಇಳಿಸುತ್ತಿದ್ದೆ ಎಂಬ ಮಾತು ನಡೆಯುವುದಿಲ್ಲ. ಲೋಡಿಂಗ್ ಜಾಗ ಮುಗಿದು ನಿಷೇಧದ ಜಾಗ ಶುರುವಾಗುವ ಗಡಿಯಲ್ಲಿಯೇ ಹೆಚ್ಚಿನ ತಕರಾರು ಹುಟ್ಟುವುದರಿಂದ, ಎರಡೂ ಫಲಕಗಳ ನಡುವಿನ ಅಂತರವನ್ನು ಅಳತೆಯ ಟೇಪು ಹಿಡಿದೇ ಅಳೆದು ಬರೆದಿಡುವುದು ಒಳ್ಳೆಯದು.

ಆಮೇಲೆ ವಾಹನ ಸಂಖ್ಯೆ, ಸ್ಥಳದ ಹೆಸರು, ಸಮಯ. ಧಾರವಾಡದ ಕೆಎ-25 ಮತ್ತು ಹುಬ್ಬಳ್ಳಿಯ ಕೆಎ-63 ಅದಲುಬದಲಾಗಿಲ್ಲವೇ, ಬೀದಿಯ ಹೆಸರು ಸರಿಯಿದೆಯೇ ನೋಡಿ. ಕ್ಯಾಮರಾದಂಥ ಉಪಕರಣದಿಂದ ದಾಖಲಾದ ಉಲ್ಲಂಘನೆಯಾದರೆ, ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರಲ್ಲಿ ಸೇರಿಸಿದ 167ಎ ನಿಯಮದಂತೆ 15 ದಿನಗಳೊಳಗೆ ಸೂಚನೆ ಕಳುಹಿಸಬೇಕು. ಉಲ್ಲಂಘನೆಯೂ ನಂಬರ್ ಪ್ಲೇಟೂ ಸ್ಪಷ್ಟವಾಗಿ ಕಾಣುವ ಚಿತ್ರ, ದಿನಾಂಕ, ಸಮಯ, ಸ್ಥಳ, ಉಲ್ಲಂಘಿಸಿದ ಕಲಂ ಇವು ಅದರಲ್ಲಿ ಇರಬೇಕು. ಚಿತ್ರದಲ್ಲಿ ಗಾಡಿ ಮಾತ್ರ ಕಂಡು ಫಲಕವಾಗಲಿ ಗೆರೆಯಾಗಲಿ ಕಾಣದಿದ್ದರೆ ಆ ಕೊರತೆಯನ್ನು ಮನವಿಯಲ್ಲಿ ಎತ್ತಿ ಹೇಳಿ.

ಜಾಗವನ್ನು ಗೊತ್ತುಮಾಡಿದ ಆದೇಶ

ಹೆಚ್ಚಿನವರು ಬಿಟ್ಟುಬಿಡುವುದು ಇದನ್ನೇ. ವಾಹನಗಳು ಎಲ್ಲಿ, ಎಷ್ಟು ಹೊತ್ತು ನಿಲ್ಲಬಹುದು ಎಂದು ಗೊತ್ತುಮಾಡುವ ಅಧಿಕಾರ ಕಲಂ 117ರಲ್ಲಿದೆ. ಫಲಕ ಹಾಕುವುದು ಕಲಂ 116ರಲ್ಲಿ, ವಾಹನ ಸಂಚಾರ ನಿರ್ಬಂಧಿಸುವುದು ಕಲಂ 115ರಲ್ಲಿ. ಇವುಗಳೊಂದಿಗೆ ಕರ್ನಾಟಕ ಮೋಟಾರು ವಾಹನ ನಿಯಮಗಳು 1989ರ 221ಎ ನಿಯಮವನ್ನೂ ಉಲ್ಲೇಖಿಸಿ ಅಧಿಸೂಚನೆ ಹೊರಡಿಸುವುದು ವಾಡಿಕೆ. ಹುಬ್ಬಳ್ಳಿ-ಧಾರವಾಡದಲ್ಲಿ ಪೊಲೀಸ್ ಕಮಿಷನರೇಟ್ ಇರುವುದರಿಂದ ಅಧಿಸೂಚನೆಯನ್ನು ನವನಗರದ ಕಮಿಷನರ್ ಕಚೇರಿಯಲ್ಲಿ ಕೇಳಬೇಕು. ಗದಗ, ಹಾವೇರಿಯಲ್ಲಿ ಕಮಿಷನರೇಟ್ ಇಲ್ಲ, ಅಲ್ಲಿ ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಬೇಕು. ಗೆರೆ ಎಳೆದು ಫಲಕ ನಿಲ್ಲಿಸಿದವರು ಪಾಲಿಕೆಯವರೋ ಪೊಲೀಸರೋ ಎಂಬುದೂ ಅಲ್ಲಿಯೇ ತಿಳಿಯುತ್ತದೆ.

ಬಾಯಿಮಾತಿಗೆ ಪ್ರತಿ ಸಿಗದಿದ್ದರೆ ಮಾಹಿತಿ ಹಕ್ಕು ಕಾಯ್ದೆ 2005ರಡಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿರುವವರಿಗೆ ಅದೂ ಇಲ್ಲ. ಉತ್ತರಕ್ಕೆ 30 ದಿನಗಳ ಅವಧಿ ಇದೆ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೇರಿದ್ದು 150 ಪದ ಮೀರದಂತೆ ಇರಬೇಕಾದ್ದರಿಂದ ಇಷ್ಟನ್ನೇ ಕೇಳಿ: ಇಂಥ ಬೀದಿಯ ಇಂಥ ಅಂಗಡಿಯೆದುರಿನ ಸರಕು ಏರಿಳಿಸುವ ಜಾಗದ ಅಧಿಸೂಚನೆಯ ಪ್ರತಿ, ಅದರ ಉದ್ದಗಲ, ಅನ್ವಯಿಸುವ ಸಮಯ. ಅರ್ಜಿಯ ಉತ್ತರ ಬರುವ ತನಕ ಆಕ್ಷೇಪಣೆ ಸಲ್ಲಿಸುವುದನ್ನು ಮುಂದೂಡಬಾರದು. ಮನವಿ ಮೊದಲು ಹೋಗಲಿ, ಅಧಿಸೂಚನೆ ಸಿಕ್ಕ ಮೇಲೆ ಹೆಚ್ಚುವರಿ ದಾಖಲೆಯಾಗಿ ಸೇರಿಸಬಹುದು.

ಮನವಿ ಬರೆಯುವುದು

ಮನವಿಯನ್ನು ಚಲನ್ ಹಾಕಿದ ಸಂಚಾರ ಠಾಣೆಯ ಇನ್‌ಸ್ಪೆಕ್ಟರ್ ಹೆಸರಿಗೆ ಬರೆದು, ಒಂದು ಪ್ರತಿಯನ್ನು ಸಂಚಾರ ವಿಭಾಗದ ಎಸಿಪಿಯವರಿಗೆ ಕೊಡಬೇಕು. ಹುಬ್ಬಳ್ಳಿಯಲ್ಲಿ ಒಂದಕ್ಕಿಂತ ಹೆಚ್ಚು ಸಂಚಾರ ಠಾಣೆಗಳಿವೆ, ಧಾರವಾಡದ್ದು ಬೇರೆ. ಆದ್ದರಿಂದ ಚಲನ್ ಮೇಲಿನ ಠಾಣೆಯ ಹೆಸರು ನೋಡಿಕೊಂಡು ಹೋಗಿ. ಇ-ಚಲನ್ ತಾಣದ ದೂರಿನ ವಿಭಾಗದಲ್ಲಿಯೂ ಅದನ್ನೇ ಹಾಕಿ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ನಾವು ಕೊಟ್ಟ ಮನವಿಯ ಒಡಲು ಹೀಗಿತ್ತು:

"ಮಾನ್ಯರೇ, ಮೇಲೆ ಕಾಣಿಸಿದ ಚಲನ್‌ನಲ್ಲಿ ನನ್ನ ಸರಕು ವಾಹನವು ದಿನಾಂಕ ……… ರಂದು ಬೆಳಿಗ್ಗೆ ……… ಗಂಟೆಗೆ ……… ರಸ್ತೆಯಲ್ಲಿ ಅಡ್ಡಿಯಾಗುವಂತೆ ನಿಂತಿತ್ತೆಂದು ದಾಖಲಾಗಿದೆ. ಆ ಸಮಯದಲ್ಲಿ ವಾಹನವು ಸರಕು ಏರಿಳಿಸಲು ಗುರುತಿಸಿದ ಜಾಗದ ಗೆರೆಯೊಳಗೆ ನಿಂತಿದ್ದು, ಅದರಿಂದ 24 ಚೀಲ ತೊಗರಿಬೇಳೆಯನ್ನು ಇಳಿಸುವ ಕೆಲಸ ನಡೆಯುತ್ತಿತ್ತು. ಚಲನ್‌ನ ಚಿತ್ರವು ವಾಹನದ ಮುಂಭಾಗದಿಂದ ತೆಗೆದದ್ದಾಗಿದ್ದು, ಹಿಂಭಾಗದಲ್ಲಿ ನಡೆಯುತ್ತಿದ್ದ ಕೆಲಸವಾಗಲಿ ನೆಲದ ಗೆರೆಯಾಗಲಿ ಅದರಲ್ಲಿ ಕಾಣುವುದಿಲ್ಲ. ಅದೇ ಸಮಯದ ಆರು ಫೋಟೊ, ಸರಕಿನ ಬಿಲ್ಲು ಹಾಗೂ ತೂಕದ ಚೀಟಿಯ ಪ್ರತಿಗಳನ್ನು ಲಗತ್ತಿಸಿದ್ದೇನೆ. ಮೂಲ ದಾಖಲೆಗಳನ್ನು ಕೇಳಿದಾಗ ಹಾಜರುಪಡಿಸುತ್ತೇನೆ. ಇವನ್ನು ಪರಿಶೀಲಿಸಿ ಚಲನ್ನನ್ನು ರದ್ದುಪಡಿಸಬೇಕೆಂದೂ, ಸಾಧ್ಯವಾಗದಿದ್ದಲ್ಲಿ ಕಾರಣವನ್ನು ಬರಹದಲ್ಲಿ ತಿಳಿಸಬೇಕೆಂದೂ ವಿನಂತಿಸುತ್ತೇನೆ."

ಇದರಲ್ಲಿ ಸಿಬ್ಬಂದಿಯ ಮೇಲೆ ಆರೋಪವಿಲ್ಲ ಎನ್ನುವುದನ್ನು ಗಮನಿಸಬೇಕು. ಎಂಟು ತಾಸು ಹೊಗೆಯಲ್ಲಿ ನಿಂತು ಕೆಲಸ ಮಾಡುವವರ ಮೇಲೆ ಹರಿಹಾಯ್ದರೆ ಮನವಿ ಓದುವ ಅಧಿಕಾರಿಯ ಗಮನ ದಾಖಲೆಯಿಂದ ಜಗಳದ ಕಡೆಗೆ ತಿರುಗುತ್ತದೆ. "ಐದೇ ನಿಮಿಷ ನಿಲ್ಲಿಸಿದ್ದೆ", "ಎಲ್ಲರೂ ಅಲ್ಲೇ ನಿಲ್ಲಿಸುತ್ತಾರೆ" ಎಂಬ ಮಾತುಗಳನ್ನೂ ಬರೆಯಬಾರದು. ಅವು ತಪ್ಪನ್ನು ಒಪ್ಪಿಕೊಂಡು ರಿಯಾಯಿತಿ ಕೇಳುವ ಮಾತುಗಳು. ನೀವು ಹೇಳುತ್ತಿರುವುದು ತಪ್ಪೇ ನಡೆದಿಲ್ಲ ಎಂದು. ಮನವಿಯ ಎರಡನೆಯ ಪ್ರತಿಯ ಮೇಲೆ ಠಾಣೆಯ ಮೊಹರು, ದಿನಾಂಕ, ಸಹಿ ಪಡೆಯದೆ ಬರಬೇಡಿ. ಕೊಡದಿದ್ದರೆ ಅಂಚೆಯ ಮೂಲಕ ನೋಂದಾಯಿಸಿ ಕಳಿಸಿ ರಸೀದಿ ಇಟ್ಟುಕೊಳ್ಳಿ.

ನಮ್ಮ ಪ್ರಕರಣದಲ್ಲಿ ಅಧಿಕಾರಿಯು ಗೆರೆ ಗುಡಿಸುವ ಮೊದಲಿನ ಮತ್ತು ಗುಡಿಸಿದ ಮೇಲಿನ ಎರಡು ಫೋಟೊಗಳನ್ನು ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ಇಟ್ಟು, ಗೋಡೆಯ ನೆರಳು ಎರಡರಲ್ಲಿಯೂ ಅಂಗಡಿಯ ಹೊಸ್ತಿಲಿನ ಅದೇ ಕಲ್ಲಿನ ತನಕ ಬಿದ್ದಿರುವುದನ್ನು ನೋಡಿ, ಎರಡೂ ಒಂದೇ ಹೊತ್ತಿನವು ಎಂದು ಒಪ್ಪಿದರು. ಚಲನ್ ರದ್ದಾಯಿತು. ಅದೇ ವರ್ಷ ಬಂದ ಇನ್ನೊಂದು ಚಲನ್ನನ್ನು ನಾವು ಪ್ರಶ್ನಿಸಲಿಲ್ಲ. ಅಂದು ಮಾಲು ಇಳಿದು ಮುಗಿದಿತ್ತು, ಹಣ ಕೈಗೆ ಬರಲಿ ಎಂದು ಖಾಲಿ ಗಾಡಿ ಮುಕ್ಕಾಲು ತಾಸು ಅಲ್ಲೇ ನಿಂತಿತ್ತು. ಹಿಂದೆ ಬಂದ ಸಕ್ಕರೆಯ ಗಾಡಿಗೆ ಜಾಗ ಸಿಗದೆ ರಸ್ತೆ ಕಟ್ಟಿತ್ತು. ಸರಕು ಇಳಿಸುವ ಜಾಗ ಸರಕು ಇಳಿಸುವ ಹೊತ್ತಿಗೆ ಮಾತ್ರ. ಅನಂತರ ಅದು ಮುಂದಿನವರದು. ಆ ದಂಡವನ್ನು ಅಂಗಡಿಯಿಂದಲೇ ಕಟ್ಟಿದೆವು, ಏಕೆಂದರೆ ಚಾಲಕನನ್ನು ಕಾಯಿಸಿದವರು ನಾವೇ.

ಠಾಣೆಯಲ್ಲಿ ಒಪ್ಪದಿದ್ದರೆ

ಆಗ ಪ್ರಕರಣವನ್ನು ನ್ಯಾಯಾಲಯಕ್ಕೆ ಕಳುಹಿಸಲು ಬರಹದಲ್ಲಿ ಕೋರಬಹುದು. ವರ್ಚುವಲ್ ಕೋರ್ಟಿನಿಂದ (ಆನ್‌ಲೈನಿನಲ್ಲಿ ನಡೆಯುವ ನ್ಯಾಯಾಲಯ) ಸಂದೇಶ ಬಂದರೆ ಅದರಲ್ಲಿ ಹಣ ಕಟ್ಟುವ ಆಯ್ಕೆಯ ಜೊತೆಗೆ ಪ್ರಕರಣವನ್ನು ಎದುರಿಸುವ ಆಯ್ಕೆಯೂ ಇರುತ್ತದೆ. ಎರಡನೆಯದನ್ನು ಆರಿಸಿದರೆ ಅದು ಸಾಮಾನ್ಯ ನ್ಯಾಯಾಲಯಕ್ಕೆ ವರ್ಗವಾಗುತ್ತದೆ. ಮೋಟಾರು ವಾಹನ ಕಾಯ್ದೆಯ ಕಲಂ 208ರ ಸಂಕ್ಷಿಪ್ತ ಸಮನ್ಸ್ ಬಂದರೆ, ತಪ್ಪೊಪ್ಪಿಗೆಯ ಪತ್ರದೊಂದಿಗೆ ಹಣ ಕಳುಹಿಸುವ ಅವಕಾಶವೂ ಅದರಲ್ಲಿ ಇರುತ್ತದೆ. ಓದದೆ ಸಹಿ ಮಾಡಿದರೆ ಈವರೆಗಿನ ಶ್ರಮವೆಲ್ಲ ವ್ಯರ್ಥ. ಹುಬ್ಬಳ್ಳಿಯಲ್ಲಿ ವಿದ್ಯಾನಗರದ ನ್ಯಾಯಾಲಯ ಸಂಕೀರ್ಣಕ್ಕೆ ಹೋಗುವಾಗ ಮೂಲ ಬಿಲ್ಲು, ಮೂಲ ಫೋನು, ಚಾಲಕ, ಸಾಧ್ಯವಾದರೆ ಒಬ್ಬ ಹಮಾಲ ಜೊತೆಗಿರಲಿ. ಗಾಡಿಯ ಹಿಂದೆ ಏನು ನಡೆದಿತ್ತು ಎಂದು ಕಣ್ಣಾರೆ ಕಂಡವನು ಅವನೇ; ಆ ದಿನದ ಅವನ ಕೂಲಿಯನ್ನು ನೀವು ಕೊಡಬೇಕು.

ಖರ್ಚನ್ನು ಕೂಡ ಎದುರಿಗಿಟ್ಟು ನೋಡಬೇಕು. ವಕೀಲರ ಶುಲ್ಕ 500 ರೂಪಾಯಿ ದಂಡವನ್ನು ಸುಲಭವಾಗಿ ಮೀರುತ್ತದೆ. ಒಂದೇ ಒಂದು ಚಲನ್ ಆಗಿದ್ದು ದಾಖಲೆ ದುರ್ಬಲವಾಗಿದ್ದರೆ ಠಾಣೆಯ ಹಂತದಲ್ಲಿಯೇ ಬಿಡುವುದು ಲೇಸು. ಚಾಲಕ ಬಡವನಾಗಿದ್ದು ತಾನೇ ಎದುರಿಸಬೇಕಾಗಿ ಬಂದರೆ 15100ಕ್ಕೆ ಕರೆ ಮಾಡಿ ಕಾನೂನು ಸೇವಾ ಪ್ರಾಧಿಕಾರದ ಉಚಿತ ನೆರವು ಕೇಳಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆ ನೆರವಿಗೆ ಆದಾಯದ ಮಿತಿಯೂ ಇಲ್ಲ. ಒಂದೇ ಜಾಗದಲ್ಲಿ ಹಲವರಿಗೆ ಮತ್ತೆ ಮತ್ತೆ ಚಲನ್ ಬೀಳುತ್ತಿದ್ದರೆ ಬಿಡಿಬಿಡಿಯಾಗಿ ಅಲೆಯುವ ಬದಲು ಬೀದಿಯ ವರ್ತಕರೆಲ್ಲ ಚಲನ್‌ಗಳನ್ನು ಕೂಡಿಸಿ, ಹುಬ್ಬಳ್ಳಿಯ ಕರ್ನಾಟಕ ವಾಣಿಜ್ಯೋದ್ಯಮ ಸಂಸ್ಥೆಯಂಥ ಸಂಘಟನೆಯ ಮೂಲಕ ಕಮಿಷನರ್ ಹಾಗೂ ಪಾಲಿಕೆ ಆಯುಕ್ತರ ಮುಂದಿಡುವುದು ಹೆಚ್ಚು ಫಲ ಕೊಡುತ್ತದೆ. ಅಂಥ ಮನವಿಯಲ್ಲಿ ಕೇಳಬೇಕಾದದ್ದು ದಂಡಮಾಫಿಯನ್ನಲ್ಲ. ಗೆರೆಗೆ ಹೊಸ ಬಣ್ಣ, ಕನ್ನಡದಲ್ಲಿ ಸಮಯ ಬರೆದ ಫಲಕ, ಜಾಗದ ಎರಡೂ ತುದಿಗೆ ಗುರುತು.

ಚಲನ್ ರದ್ದಾಯಿತೆಂದು ಬಾಯಲ್ಲಿ ಹೇಳಿದರೆ ಅಲ್ಲಿಗೆ ಬಿಡಬೇಡಿ. ಹತ್ತು ಹದಿನೈದು ದಿನ ಬಿಟ್ಟು ವಾಹನ ಸಂಖ್ಯೆ ಹಾಕಿ ನೋಡಿ, ಬಾಕಿಯ ಪಟ್ಟಿಯಿಂದ ಅದು ಹೋಗಿದೆಯೇ ಖಚಿತಪಡಿಸಿಕೊಂಡು, ಆ ಪುಟವನ್ನು ಮುದ್ರಿಸಿ ಮನವಿಯ ಮೊಹರಿನ ಪ್ರತಿಯ ಜೊತೆಗೆ ಗಾಡಿಯ ಕಾಗದಪತ್ರಗಳ ಚೀಲದಲ್ಲಿಯೇ ಇಡಿ. ಅಧಿಸೂಚನೆಯ ನಕಲು ಸಿಕ್ಕಿದ್ದರೆ ಅದರ ಒಂದು ಪ್ರತಿಯೂ ಚಾಲಕನ ಬಳಿ ಇರಲಿ. ಮುಂದಿನ ಸಲ ಯಾರಾದರೂ ಗಾಡಿಯ ಮುಂದೆ ನಿಂತು ಫೋಟೊ ತೆಗೆಯಲು ಬಂದಾಗ ಅವನು ಅದನ್ನು ಅಲ್ಲಿಯೇ ತೋರಿಸಬಹುದು.